ಹಬ್ಬಕ್ಕೆ ಕಪ್ಪು ಮರ ಯಾಕೆ ಅಂತ ಕೇಳಿದವರಿಗೆ



ಡಿಸೆಂಬರ್ 25 ಅಂದ್ರೆ ನಮ್ಮ ಮನೇಲಿ ಎರಡು ದಿನಾಚರಣೆ. ನನ್ನ ಹೆಂಡತಿ ಕಡೆಯವರು ಮೂರು ತಲೆಮಾರಿಂದ ಕ್ರೈಸ್ತರು, ಅವರಿಗೆ ಅದು ಕ್ರಿಸ್ಮಸ್. ನನಗೆ ಮನುಸ್ಮೃತಿ ದಹನ ದಿನ. 1927ರ ಅದೇ ತಾರೀಕು ರಾತ್ರಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರು. ಸಮಾವೇಶಕ್ಕೆ ಬೇರೆ ಯಾರೂ ಜಾಗ ಕೊಡದಿದ್ದಾಗ ಕೊಟ್ಟವರು ಫತ್ತೇಖಾನ್ ಅನ್ನೋ ಮುಸ್ಲಿಂ ವ್ಯಕ್ತಿ. ಸುಡುವ ನಿರ್ಣಯ ಮಂಡಿಸಿದ್ದು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಇದನ್ನ ಪ್ರತಿವರ್ಷ ಹೇಳ್ತೀನಿ, ಮತ್ತೂ ಹೇಳ್ತೀನಿ.

ಈ ಸಲ ಎರಡಕ್ಕೂ ಸೇರಿ ಒಂದೇ ಮರ ತಂದ್ವಿ. ಕಪ್ಪು ಕ್ರಿಸ್ಮಸ್ ಟ್ರೀ. ಅದಕ್ಕೆ ನೀಲಿ ರಿಬ್ಬನ್, ತುದೀಲಿ ನಕ್ಷತ್ರ. ಹೆಂಡತಿಗೆ ನಕ್ಷತ್ರ ಮುಖ್ಯ, ನನಗೆ ಆ ಬೂದಿಯ ಬಣ್ಣ.

ಆರ್.ಟಿ. ನಗರದ ನಮ್ಮ ಬೀದಿಯವರು ಕೇಳಿದ್ರು, "ಹಬ್ಬದ ದಿನ ಕಪ್ಪಾ?" ಚರ್ಚಿಗೆ ಹೋಗೋ ನೆಂಟರೂ ಅದನ್ನೇ ಕೇಳಿದ್ರು. ದೇವರು ಬೇರೆ, ಅಪಶಕುನ ಮಾತ್ರ ಇಬ್ಬರಿಗೂ ಒಂದೇ!

ಈ ಅಪಶಕುನ ಯಾರದ್ದು? ನಮ್ಮ ಹಳ್ಳಿಗಳಲ್ಲಿ ಗದ್ದುಗೆ ಹಾಕೋದು ಕರಿ ಕಂಬಳಿ ಮೇಲೆ. ತಾಳಿ ಜೊತೆ ಪೋಣಿಸೋದು ಕರಿಮಣಿ. ಊರು ಕಾಯೋಳು ಕರಿಯಮ್ಮ. ನಮ್ಮ ಅಜ್ಜಂದಿರ ಹೆಸರು ಕರಿಯಪ್ಪ, ಕರಿಯ. ಅದೇ "ಕರಿಯ" ಕೇರಿ ದಾಟಿದ ತಕ್ಷಣ ಬೈಗುಳ ಆಗುತ್ತೆ. ಬಣ್ಣ ಕೆಟ್ಟದ್ದಾಗಿದ್ದು ಅದನ್ನ ಹೊತ್ತ ಜನರಿಂದ.

ಇನ್ನು "ಹಸಿರು ಮರವೇ ಸಂಪ್ರದಾಯ" ಅನ್ನೋರಿಗೆ. ಬೆತ್ಲೆಹೇಮಿನ ಕಥೆಯಲ್ಲಿ ಗೋದಲಿ ಇದೆ, ಕುರುಬರಿದ್ದಾರೆ, ಮರ ಇಲ್ಲ. 1605ರ ಒಂದು ಬರಹದಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದವರು ಮನೆಯೊಳಗೆ ಮರ ನಿಲ್ಲಿಸಿ ಕಾಗದದ ಹೂ, ಸೇಬು ಕಟ್ಟುತ್ತಿದ್ದರು ಅಂತ ಇದೆ. 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿ ಸಂಸಾರ ಮರದ ಸುತ್ತ ನಿಂತ ಚಿತ್ರ ಹಾಕಿತು. ಆಮೇಲೆ ಇಂಗ್ಲಿಷರ ಮನೆಮನೆಗೂ ಮರ ಬಂತು, ಅವರ ಹಿಂದೆ ದಂಡು ಪ್ರದೇಶಕ್ಕೂ ಬಂತು. ಇಲ್ಲಿ ಆ ಮರ ಎಲ್ಲಿ ಸಿಗಬೇಕು? ನಮ್ಮವರು ಸರ್ವೆ ಮರದ ಕೊಂಬೆ ಕಡಿದು, ಮರಳು ತುಂಬಿದ ಡಬ್ಬದಲ್ಲಿ ನೆಟ್ಟು, ಹಿಮದ ಬದಲು ಹತ್ತಿ ಅಂಟಿಸಿದ್ರು. ಆ ಸರ್ವೆಯೂ ಪರದೇಶಿ. ಆಸ್ಟ್ರೇಲಿಯಾ ಕಡೆಯ ಮರವನ್ನ 1868ರ ಸುಮಾರಿಗೆ ಕಾರವಾರದ ಕರಾವಳೀಲಿ ನೆಟ್ಟಿದ್ದು. ಕಟ್ಟಡಕ್ಕೆ ಸಾರುವೆ ಕಟ್ಟೋ ಕೂಲಿಯವರಿಗೆ ಚೆನ್ನಾಗಿ ಗೊತ್ತಿರೋ ಮರ ಅದು.

ಪ್ಲಾಸ್ಟಿಕ್ ಮರದ ಹುಟ್ಟು ಇನ್ನೂ ಮಜಾ ಇದೆ. 1930ರ ದಶಕದಲ್ಲಿ ಆಡಿಸ್ ಅನ್ನೋ ಬ್ರಷ್ ಕಂಪನಿ ಕಕ್ಕಸ್ಸು ತೊಳೆಯೋ ಬ್ರಷ್ ಮಾಡೋ ಯಂತ್ರದಲ್ಲೇ ಹಸಿರು ಬಣ್ಣದ ಕೂದಲು ಸುತ್ತಿ ಕ್ರಿಸ್ಮಸ್ ಮರ ಮಾಡಿತು. ಈಗ ಹಾಲ್‌ನಲ್ಲಿ ಪವಿತ್ರವಾಗಿ ನಿಂತಿರೋ ಮರಗಳೆಲ್ಲ ಆ ಬ್ರಷ್‌ನ ಮೊಮ್ಮಕ್ಕಳು. ಬ್ರಷ್ ಮುಟ್ಟಿದ ಮರಕ್ಕೆ ಮೈಲಿಗೆ ಇಲ್ಲ, ಬ್ರಷ್ ಹಿಡಿದ ಮನುಷ್ಯನಿಗೆ ಇದೆ. ಅರಸು ಸರ್ಕಾರದಲ್ಲಿ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ಬಿ. ಬಸವಲಿಂಗಪ್ಪನವರ ನೆನಪಾಯ್ತು.

ಕಪ್ಪು ಮರ ಮಾಡಿದ ಕಂಪನಿಗೆ ಜಾತಿ ಗೊತ್ತಿಲ್ಲ, ಫ್ಯಾಷನ್ ಗೊತ್ತು. ಅದನ್ನ ಒಪ್ಪಿಕೊಳ್ತೀನಿ. ಆದ್ರೆ ಕ್ರಿಸ್ತನಿಗೂ ಕಪ್ಪಿಗೂ ನಂಟು ಹುಡುಕಿದ್ದು ಅಂಗಡಿಯವರಲ್ಲ. 1969ರಲ್ಲಿ ಅಮೆರಿಕದ ಜೇಮ್ಸ್ ಕೋನ್ ಕಪ್ಪು ದೇವಶಾಸ್ತ್ರದ ಮೊದಲ ಪುಸ್ತಕ ತಂದ್ರು. ತುಳಿಸಿಕೊಂಡವರ ಜೊತೆ ನಿಲ್ಲೋ ಕ್ರಿಸ್ತ ಕಪ್ಪು ಅನ್ನೋದು ಅವರ ವಾದ. 1966ರ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ 1972ರಲ್ಲಿ ಮುಂಬೈನಲ್ಲಿ ದಲಿತ್ ಪ್ಯಾಂಥರ್ಸ್ ಬಂದ ಹಾಗೆ, ಇದಕ್ಕೂ ಇಲ್ಲೊಂದು ಉತ್ತರ ಬಂತು. ಎಲ್ಲಿ ಗೊತ್ತಾ? ನಮ್ಮ ಮನೆಯಿಂದ ಜೆ.ಸಿ. ನಗರ ದಾಟಿದ್ರೆ ಸಿಗೋ ಬೆನ್ಸನ್ ಟೌನ್‌ನಲ್ಲಿ. 1981ರಲ್ಲಿ ಅಲ್ಲಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ್ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಬಗ್ಗೆ ಭಾಷಣ ಮಾಡಿದ್ರು. ದಲಿತ ದೇವಶಾಸ್ತ್ರ ಅಂತ ಇವತ್ತು ಲೋಕವೆಲ್ಲ ಓದೋದು ಶುರುವಾಗಿದ್ದು ಆ ಭಾಷಣದಿಂದ. ಯೇಸು ಸ್ವತಃ ದಲಿತ ಅಂತ ಅವರು ಆಮೇಲೆ ನೇರವಾಗೇ ಬರೆದ್ರು. ನಾವು ದಿನಾ ಬಸ್ಸಲ್ಲಿ ಹೋಗೋ ದಾರೀಲಿ ಇಂಥದ್ದು ನಡೆದಿದೆ, ಒಂದು ಫಲಕವೂ ಇಲ್ಲದಿದ್ರೆ ಯಾರಿಗೆ ಗೊತ್ತಾಗಬೇಕು?

ಇತ್ತ ಹೆಸರಘಟ್ಟ ರಸ್ತೆ ಕಡೆಯ ಸಿಲ್ವೇಪುರದಲ್ಲಿ ಚಿತ್ರಕಾರ ಜ್ಯೋತಿ ಸಾಹಿ ಇದ್ದಾರೆ. ಅವರ ದಲಿತ ಮಡೋನ್ನಾ ಚಿತ್ರದಲ್ಲಿ ತಾಯಿ ಮಗು ಇರೋದು ರುಬ್ಬೋ ಒರಳು, ಗುಂಡಿನ ರೂಪದಲ್ಲಿ. ನಮ್ಮ ಅಡುಗೆಮನೆ ಕಲ್ಲು ಅದು. ನನ್ನ ಅತ್ತೆಗೆ ಮೊಬೈಲ್‌ನಲ್ಲಿ ತೋರಿಸಿದೆ. "ನಮ್ಮ ಮರಿಯಮ್ಮ ಕಣಪ್ಪಾ" ಅಂದ್ರು, ಬೇರೇನೂ ಹೇಳಲಿಲ್ಲ.

ಇಷ್ಟೆಲ್ಲ ಬರೀಲಿಕ್ಕೆ ಕಾರಣ ಮರ ಅಲ್ಲ, ಕಾಗದ. ನಾನು ಗುಮಾಸ್ತ, ದಿನಾ ಅರ್ಜಿಗಳ ಕಾಲಂ ನೋಡೋನು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಇನ್ನೂ ಹೊರಗೆ. ಕರ್ನಾಟಕದಲ್ಲಿ ಕ್ರೈಸ್ತರಾದ ನಮ್ಮವರನ್ನ ಪ್ರವರ್ಗ 1ಕ್ಕೆ ಹಾಕಿದ್ದಾರೆ. ಹಾಗಾಗಿ ನನ್ನ ಮನೇಲೇ ಎರಡು ಕಾನೂನು. ನನ್ನನ್ನ ಜಾತಿ ಹಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದೇ ಕೇರಿಯಿಂದ ಬಂದ ನನ್ನ ಭಾವಮೈದನನ್ನ ಅದೇ ಮಾತಲ್ಲಿ ಬೈದ್ರೆ ಆ ಕಾಯ್ದೆ ಇಲ್ಲ. ಬೈಯೋನು ಮಾತ್ರ ಮೊದಲು ಧರ್ಮ ಕೇಳಿ ಬೈಯೋದಿಲ್ಲ.

ಧರ್ಮ ನೋಡದೆ ಈ ಸ್ಥಾನ ಕೊಡಿ ಅಂತ ರಂಗನಾಥ ಮಿಶ್ರ ಆಯೋಗ 2007ರಲ್ಲೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಮಾಡಿದ್ರು. ನಮ್ಮ ಸಂಘಟನೆಗಳಲ್ಲೂ "ಪಾಲು ಕಮ್ಮಿ ಆಗುತ್ತೆ" ಅಂತ ಈ ವಿಷಯ ಬಂದಾಗ ಸುಮ್ಮನಾಗೋರು ಇದ್ದಾರೆ. ಪಾಲಿನ ಪ್ರಶ್ನೆ ನಿಜವೇ, ಒಟ್ಟು ಮೀಸಲಾತಿ ಹೆಚ್ಚಿಸಿ ಅಂತ ಕೇಳೋಣ. ದೌರ್ಜನ್ಯ ಕಾಯ್ದೆ ಕೊಡೋದಕ್ಕೆ ಯಾರ ಪಾಲೂ ಕಮ್ಮಿ ಆಗಲ್ಲವಲ್ಲ?

ಮರ ಜನವರಿ 1ರ ಕೋರೆಗಾಂವ್ ದಿನದವರೆಗೂ ಇರುತ್ತೆ. ಈ ಕಡೆ ಬಂದ್ರೆ ಮನೆಗೆ ಬನ್ನಿ, ಅತ್ತೆ ಮಾಡಿದ ಕಲ್‌ಕಲ್ ಇನ್ನೂ ಒಂದು ಡಬ್ಬ ಇದೆ.