ಹೊಲ ಕಾಯುವ ನಾಯಿಮರಿಯ ಕಲಿಕೆಯಲ್ಲಿ ಅಕ್ಕರೆಯ ಪಾತ್ರ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ತೊಗರಿ, ಸೋಯಾ ಅವರೆ ಹಾಗೂ ಕಬ್ಬಿನ ಹೊಲಗಳಲ್ಲಿ ಕಾವಲಿಗೆ ನಾಯಿ ಸಾಕುವ ರೈತರು ಅನೇಕರಿದ್ದಾರೆ. ಊರ ನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿದು ಚಳಿ ಆರಂಭವಾಗುವ ದಿನಗಳಲ್ಲಿ ಮರಿ ಹಾಕುತ್ತವೆ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಕಾಲವೂ ಅದೇ. ಆಗ ಮರಿಯನ್ನು ತಂದು ಗೂಟಕ್ಕೆ ಕಟ್ಟಿ, ಮುದ್ದು ಮಾಡಿದರೆ ಕಾವಲು ಕೆಡುತ್ತದೆಂದು ದೂರವಿಡುವುದುಂಟು. ಬೆಳೆ ವಿಜ್ಞಾನಿಯಾದ ನನಗೆ ಹೊಲಗಳ ಭೇಟಿಯಲ್ಲಿ ಈ ಮಾತು ಪದೇ ಪದೇ ಕೇಳಿಬಂದಿದೆ. ವಿಜ್ಞಾನ ಹೇಳುವುದು ಇದಕ್ಕೆ ತದ್ವಿರುದ್ಧವಾದುದನ್ನು.

ನಾಯಿಮರಿ ಮನುಷ್ಯರನ್ನು ತನ್ನವರೆಂದು ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 12 ವಾರಗಳ ವಯಸ್ಸು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಎತ್ತರದ ಬೇಲಿಯ ಬಯಲಿನಲ್ಲಿ, ಮನುಷ್ಯರ ಸಂಪರ್ಕವಿಲ್ಲದಂತೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಅವುಗಳೊಡನೆ ಒಡನಾಡಿದರು. 1961ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, 14 ವಾರಗಳವರೆಗೂ ಮನುಷ್ಯರನ್ನು ಅರಿಯದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿದವು; ಅವುಗಳನ್ನು ಹಗ್ಗದಲ್ಲಿ ನಡೆಸುವುದೂ ಕಷ್ಟವಾಯಿತು. ಹೊಲದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿಹಾಕಿದ ಮರಿಯ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ.

ಹೆದರಿದ ಪ್ರಾಣಿಯ ಗಮನವೆಲ್ಲ ತಪ್ಪಿಸಿಕೊಳ್ಳುವುದರ ಮೇಲಿರುವುದರಿಂದ ಅದು ಕಲಿಯಲಾರದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೀನಿ ಮತ್ತು ಸಂಗಡಿಗರು ಇಲಿಮರಿಗಳನ್ನು ಹುಟ್ಟಿದ ಮೊದಲ ಮೂರು ವಾರ ದಿನಕ್ಕೆ 15 ನಿಮಿಷ ಗೂಡಿನಿಂದ ಎತ್ತಿ, ಮತ್ತೆ ಮರಳಿಸುತ್ತಿದ್ದರು. ಅಂಥ ಇಲಿಗಳಲ್ಲಿ ಒತ್ತಡದ ಹಾರ್ಮೋನು ಮಿತಿಯಲ್ಲಿದ್ದು, ಮುಪ್ಪಿನಲ್ಲಿಯೂ ದಾರಿ ನೆನಪಿಡುವ ಶಕ್ತಿ ಉತ್ತಮವಾಗಿತ್ತೆಂದು 1988ರಲ್ಲಿ ವರದಿಯಾಯಿತು. ಮರಳಿ ಬಂದ ಮರಿಯನ್ನು ತಾಯಿ ಹೆಚ್ಚಾಗಿ ನೆಕ್ಕುತ್ತಿದ್ದುದೇ ಇದರ ಮುಖ್ಯ ಕಾರಣವೆಂದು ಮುಂದೆ ತಿಳಿದುಬಂತು. ಆದ್ದರಿಂದ ನಾಯಿಮರಿಯನ್ನು 8 ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿ. ತಾಯಿಯ ಬಳಿ ಇರುವಾಗಲೇ ದಿನವೂ ಹೋಗಿ ಮೈ ಸವರಿ ಬನ್ನಿ.

ಆದರೆ ಅಕ್ಕರೆಯೇ ಶಿಕ್ಷಣವಲ್ಲ. ಅದು ಕಲಿಯುವ ಮನಸ್ಸನ್ನು ಸಿದ್ಧಪಡಿಸುತ್ತದೆ, ಅಷ್ಟೆ. ಕರೆದಾಗ ಮರಿ ಬಂದ ಕ್ಷಣದಲ್ಲೇ ಒಂದು ತುಣುಕು ರೊಟ್ಟಿ ಕೊಟ್ಟು ಬೆನ್ನು ಸವರಬೇಕು. ಹೊಸ ಪಾಠಕ್ಕೆ ಬರಿಯ ಹೊಗಳಿಕೆಗಿಂತ ತಿನಿಸು ಬೇಗ ಫಲ ನೀಡುತ್ತದೆ. ತಡವಾಗಿ ಬಂದ ಮರಿಯನ್ನು ಎಂದಿಗೂ ಹೊಡೆಯಬೇಡಿ. ಹೊಡೆದರೆ, ಒಡೆಯನ ಬಳಿ ಹೋಗುವುದೇ ಅಪಾಯವೆಂದು ಅದು ಕಲಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಪಾಠಕ್ಕೆ ಇನ್ನೊಂದು ಮಹತ್ವವಿದೆ: ಬೆಳೆಗೆ ಬರುವ ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬೊಗಳಿ ಬೆದರಿಸಿ, ಕೂಗಿದೊಡನೆ ಹಿಂದಿರುಗುವ ನಾಯಿ ನಿಮಗೆ ಬೇಕೇ ಹೊರತು ಬೆನ್ನಟ್ಟಿ ಕಚ್ಚುವ ನಾಯಿಯಲ್ಲ.

ದಿನಕ್ಕೆ ಎರಡು-ಮೂರು ಬಾರಿ, ಪ್ರತಿ ಸಲ ಐದೇ ನಿಮಿಷ ಸಾಕು. ಮನೆಯ ಹೆಂಗಸರು, ಮಕ್ಕಳು, ವೃದ್ಧರು ಎಲ್ಲರ ಕೈಯೂ ಪರಿಚಯವಾಗಲಿ. ಟ್ರ್ಯಾಕ್ಟರ್ ಮತ್ತು ರಾಶಿ ಯಂತ್ರದ ಸದ್ದನ್ನು ದೂರದಿಂದ ಆರಂಭಿಸಿ ಕೇಳಿಸಿ. ಉಣ್ಣುವಾಗ, ಮಲಗಿರುವಾಗ ಮಕ್ಕಳು ಮುಟ್ಟದಿರಲಿ. ಲಸಿಕೆ ಪೂರ್ಣವಾಗುವವರೆಗೆ ಬೀದಿನಾಯಿಗಳ ನಡುವೆ ಬಿಡದೆ, ಎತ್ತಿಕೊಂಡೇ ಹೊರಗಿನ ಲೋಕ ತೋರಿಸಿ.

ಬೆಕ್ಕಿನ ಮರಿಗೆ ಈ ಕಾಲ ಇನ್ನೂ ಮೊದಲು, ಅಂದರೆ ಸುಮಾರು 2ರಿಂದ 7 ವಾರಗಳಲ್ಲೇ ಮುಗಿಯುತ್ತದೆ. ದಾಸ್ತಾನಿನ ಇಲಿ ಹಿಡಿಯಲು ಬೆಕ್ಕು ಸಾಕುವವರು ಇದನ್ನು ಗಮನಿಸಬೇಕು. ಮೊಲದ ಮರಿಗಳನ್ನು ಮೊದಲ ವಾರದಲ್ಲಿ, ತಾಯಿ ಹಾಲೂಡಿಸುವ ವೇಳೆಯ ಆಸುಪಾಸಿನಲ್ಲಿ ಮೆಲ್ಲಗೆ ಮುಟ್ಟುತ್ತಿದ್ದರೆ ಮುಂದೆ ಮನುಷ್ಯರಿಗೆ ಬೆದರುವುದು ಕಡಿಮೆ.

ನಾಯಿ ಎಷ್ಟೇ ಸಾಧುವಾಗಿದ್ದರೂ ರೇಬೀಸ್ ಲಸಿಕೆ ತಪ್ಪಿಸಬೇಡಿ. ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ಪಶುವೈದ್ಯರು ತಿಳಿಸಿದ ದಿನ ಮರುಲಸಿಕೆ, ಬಳಿಕ ವರ್ಷಕ್ಕೊಮ್ಮೆ ಹಾಕಿಸಬೇಕು. ಎಳೆಯ ಮರಿ ಕಚ್ಚಿದರೂ, ಪರಚಿದರೂ ಅಲಕ್ಷಿಸುವಂತಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅಸಾಧ್ಯವೆನ್ನುವಷ್ಟು ವಿರಳ. ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿರಿ.