ಹಾಡು ಬಂತು, ಧಾಟಿ ಬರಲಿಲ್ಲ

ಪಾಂಡವಪುರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸಂಜೆ ಮನೆಗೆ ಬಂದು ಎಲೆಕ್ಟ್ರಿಕ್ ಗಿಟಾರ್ ಹಿಡಿಯುತ್ತೇನೆ ಅಂದರೆ ಗಿರಾಕಿಗಳು ನಗುತ್ತಾರೆ. ಆದರೆ ಅದರ ಪಿಕಪ್ಪೂ ನಮ್ಮ ಕಸುಬಿನದೇ: ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ಸಾವಿರಾರು ಸುತ್ತು. ನುಡಿಸುವುದು ಹೆಚ್ಚಾಗಿ ‘ಲೀಡ್, ಕೈಂಡ್ಲಿ ಲೈಟ್’. ಚರ್ಚಿನ ಹಾಡು ನಿನಗ್ಯಾಕೋ ಅಂದವರಿಗೆ, ಇದು ನಾಗಮಂಗಲ ತಾಲ್ಲೂಕಿನವರ ಹಾಡು ಕಣಯ್ಯ ಅನ್ನುತ್ತೇನೆ.

ಅದನ್ನು ಕನ್ನಡಕ್ಕೆ ತಂದ ಕವಿ ಬಿ.ಎಂ.ಶ್ರೀ. ಅವರ ಹೆಸರಿನ ‘ಬಿ’ ಅಂದರೆ ಬೆಳ್ಳೂರು, ನಾಗಮಂಗಲದ ಬೆಳ್ಳೂರು. ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. ಹುಡುಗನಾಗಿ ಓದಿದ್ದು ಶ್ರೀರಂಗಪಟ್ಟಣದಲ್ಲಿ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಅವರು ಕನ್ನಡಕ್ಕೆ ತಂದ ಕವಿತೆಗಳು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವಾದವು. ಈ ಹಾಡಿನ ಕನ್ನಡ ರೂಪ ‘ಕರುಣಾಳು ಬಾ ಬೆಳಕೆ’ ಇರುವುದು ಅದರಲ್ಲೇ.

ಮೂಲ ಬರೆದದ್ದು ಜಾನ್ ಹೆನ್ರಿ ನ್ಯೂಮನ್, 1833ರಲ್ಲಿ. ಆಗಿನ್ನೂ ಮೂವತ್ತೆರಡರ ಪಾದ್ರಿ. ಸಿಸಿಲಿಯಲ್ಲಿ ಜ್ವರ ಬಂದು ಸಾಯುವಂತಾಗಿ, ಹೇಗೋ ಎದ್ದು, ಕಿತ್ತಳೆ ಹಣ್ಣು ತುಂಬಿದ ಹಡಗೊಂದರಲ್ಲಿ ಊರ ಕಡೆ ಹೊರಟಿದ್ದರು. ಕಾರ್ಸಿಕಾ–ಸಾರ್ಡಿನಿಯಾ ನಡುವಿನ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತುಬಿಟ್ಟಿತು. ಆಗ ಬರೆದದ್ದು ಇದು. ಧಾಟಿ ಬಂದದ್ದು ಆಮೇಲೆ: 1865ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ‘ಲಕ್ಸ್ ಬೆನಿಗ್ನಾ’ ಕಟ್ಟಿದರು. ಹಾಡಿಗೆ ಇಷ್ಟು ಹೆಸರು ಬಂದದ್ದು ನನ್ನ ಪದ್ಯದಿಂದಲ್ಲ, ಡೈಕ್ಸರ ಧಾಟಿಯಿಂದ ಎಂದು ಮುಪ್ಪಿನಲ್ಲಿ ನ್ಯೂಮನ್ನರೇ ಹೇಳಿದ್ದುಂಟು.

ಈ ಮಾತು ನಮ್ಮ ಕಡೆ ನಡೆಯುವುದಿಲ್ಲ. ಡೈಕ್ಸರ ಧಾಟಿಯನ್ನು ನಾನು ನುಡಿಸಿದರೆ ಪಕ್ಕದ ಮನೆಯ ಅಜ್ಜಿ, ‘ಯಾವ್ ಪಿಕ್ಚರ್ದಪ್ಪಾ ಇದು?’ ಅನ್ನುತ್ತಾರೆ. ‘ಕರುಣಾಳು’ ಮಾತ್ರ ಅವರಿಗೆ ಬಾಯಿಪಾಠ, ಕೆ.ಆರ್. ಪೇಟೆಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತು ಕಲಿತದ್ದು. ಶ್ರೀಯವರು ಕೊಟ್ಟದ್ದು ಪದ್ಯ. ಧಾಟಿಯನ್ನು ಆಯಾ ಊರಿನ ಮೇಷ್ಟ್ರುಗಳು, ಗಾಯಕರು ಕೂರಿಸಿಕೊಂಡರು. ಮೂಲದಲ್ಲೂ ಯೇಸುವಿನ ಹೆಸರಿಲ್ಲ, ಕತ್ತಲು, ದಾರಿ, ಬೆಳಕು ಇಷ್ಟೇ. ಗಾಂಧೀಜಿಗೂ ಇಷ್ಟವಾದ ಹಾಡು. ಹಾಗಾಗಿ ಯಾವ ಮನೆಯೂ ಬೇಡ ಅನ್ನಲಿಲ್ಲ.

ನೋಡಿ, ಚರ್ಚಿನ ಹಾಡಿಗೆ ಜೊತೆಯಾಗುವ ಆರ್ಗನ್ನಿನ ದನಿ ಶ್ರೀಯವರು ಓದಿದ ಶ್ರೀರಂಗಪಟ್ಟಣಕ್ಕೆ ಹೊಸದೇನಲ್ಲ. ಟಿಪ್ಪುವಿನ ಮರದ ಹುಲಿಯ ಹೊಟ್ಟೆಯೊಳಗೆ 18 ಕೀಲಿಗಳ ಆರ್ಗನ್ ಇತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿದರು. ಅಲ್ಲಿ ಬಂದುಹೋಗುವವರೆಲ್ಲ ಅದರ ಹಿಡಿ ತಿರುಗಿಸಿ ಘರ್ಜನೆ ಎಬ್ಬಿಸಿ, ಪಕ್ಕದಲ್ಲಿ ಓದುತ್ತ ಕೂತವರ ತಲೆ ತಿಂದರಂತೆ. ವಾದ್ಯ ಅವರ ಪಾಲಾಯಿತು. ಅದೇ ಊರಲ್ಲಿ ಅಕ್ಷರ ಕಲಿತ ಹುಡುಗ ದೊಡ್ಡವನಾಗಿ ಅವರ ಹಾಡನ್ನು ಎತ್ತಿಕೊಂಡು ಬಂದ. ಇದರಲ್ಲಿ ಲಾಭ ಯಾರಿಗೆ ಅಂದರೆ ನಮಗೇ ಅನ್ನುತ್ತೇನೆ.

ಗಿಟಾರಿನ ಕಷ್ಟ ಬೇರೆ. ಚರ್ಚಿನ ಹಾಡಿಗೆ ನಾಲ್ಕು ದನಿ. ನನ್ನ ಬೆರಳಿಗೆ ನಿಲುಕುವುದು ಎರಡು, ಮೇಲಿನದು ಮತ್ತು ತಳದ್ದು. ಡಿಸ್ಟಾರ್ಷನ್ ಹಾಕಿದರೆ ಕಲಸುಮೇಲೋಗರ, ಅದಕ್ಕೆ ಆಫ್. ವೋಲ್ಟೇಜ್ ಬಿದ್ದರೆ ಆಂಪ್ ಬೇರೆ ಗುಂಯ್ ಅನ್ನುತ್ತೆ. ಡೈಕ್ಸರ ಧಾಟಿಗೆ ಶ್ರೀಯವರ ಕನ್ನಡವನ್ನು ಕೂರಿಸಹೋದರೆ ಇನ್ನೊಂದು ಪೇಚು: ಕನ್ನಡ ಪದ್ಯ ಐದೈದು ಮಾತ್ರೆಯಲ್ಲಿ ನಡೆಯುತ್ತೆ, ಇಂಗ್ಲಿಷ್ ಧಾಟಿಯ ಲೆಕ್ಕ ಬೇರೆ, ಐದನೆಯ ಮಾತ್ರೆ ಬಾಗಿಲ ಹೊರಗೇ ಉಳಿಯುತ್ತೆ. ಎಳೆದು ಹಾಡಿದರೆ ‘ಬೆಳಕೆ’ ಬೆಳಕೇ ಅಲ್ಲದಂತೆ ಕೇಳುತ್ತೆ. ಈಗ ಮೊದಲು ಡೈಕ್ಸರದನ್ನು ಬರೀ ತಂತಿಯಲ್ಲಿ ನುಡಿಸಿ, ಆಮೇಲೆ ದಪ್ಪ ತಂತಿಯನ್ನು ಶ್ರುತಿಯಂತೆ ಮೀಟುತ್ತ ಶಾಲೆಯ ಧಾಟಿ ಎತ್ತಿಕೊಳ್ಳುತ್ತೇನೆ. ಅಜ್ಜಿ ಅಲ್ಲಿಂದ ಶುರು ಮಾಡುತ್ತಾರೆ, ನನಗಿಂತ ಎರಡು ಮನೆ ಮೇಲಿನ ಶ್ರುತಿಯಲ್ಲಿ.