ಕಟ್ಟೆಯ ಮಾತಿನ ಕಡತ

ಮೊನ್ನೆ ಬಿ.ಎ. ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಕಪಿಲೆಯ ಮಾತು ಬಂತು. ಎತ್ತುಗಳನ್ನು ಹೂಡಿ, ತೊಗಲಿನ ಚೀಲದಲ್ಲಿ ಬಾವಿಯ ನೀರನ್ನು ಮೇಲಕ್ಕೆಳೆಯುತ್ತಿದ್ದ ಆ ಸಾಧನವನ್ನು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕಂಡವರಲ್ಲ. ನಾನೂ ಹುಡುಗನಾಗಿದ್ದಾಗ ಪಾಳುಬಾವಿಯ ಮೇಲೆ ಮುರಿದು ನಿಂತಿದ್ದ ಒಂದನ್ನು ನೋಡಿದ್ದೆನೇ ಹೊರತು ಅದು ನಡೆಯುವುದನ್ನು ನೋಡಿದವನಲ್ಲ. ಆದರೂ ಒಂದು ಕಾಲಕ್ಕೆ ಅದರ ಪ್ರತಿಯೊಂದು ಅಂಗದ ಹೆಸರೂ ನನಗೆ ತಿಳಿದಿತ್ತು.

ಅದು ತಿಳಿದ ಬಗೆ ಹೀಗೆ. ಎಂ.ಎ. ಮುಗಿಸಿದ ಹೊಸತರಲ್ಲಿ, ಇಂದಿಗೆ ಇಪ್ಪತ್ತು ವರ್ಷಗಳ ಹಿಂದೆ, ಕನ್ನಡ ಪದಗಳಲ್ಲಿ ಆಸಕ್ತಿಯಿದ್ದ ನಾವು ಕೆಲವರು ಅಂತರ್ಜಾಲದಲ್ಲಿ ಒಂದು ಚರ್ಚಾಕೂಟ ಮಾಡಿಕೊಂಡಿದ್ದೆವು. ಒಬ್ಬರು ಬರೆದ ಪತ್ರ ಎಲ್ಲರಿಗೂ ತಲುಪುತ್ತಿತ್ತು. ಎಲ್ಲ ಪತ್ರಗಳೂ ಒಂದೆಡೆ ಸಾಲಾಗಿ ಉಳಿಯುತ್ತಿದ್ದುವು. ಅಲ್ಲಿ ನಿವೃತ್ತ ಶಾಲಾ ಮೇಷ್ಟರೊಬ್ಬರಿದ್ದರು. ಅವರು ತಮ್ಮ ತಂದೆಯವರು ಕಪಿಲೆ ಹೊಡೆಯುತ್ತಿದ್ದ ಕಾಲದ ಪದಗಳನ್ನು ನೆನೆದು ನೆನೆದು ಐದು ಪತ್ರಗಳಲ್ಲಿ ಬರೆದರು. ಬೇರೆ ಜಿಲ್ಲೆಯವರೊಬ್ಬರು ‘ನಮ್ಮ ಕಡೆ ಹಾಗೆನ್ನುವುದಿಲ್ಲ’ ಎಂದು ತಗಾದೆ ತೆಗೆದರು. ಮೇಷ್ಟರು ಬಿಡಲಿಲ್ಲ. ಒಂದು ತಿಂಗಳು ಈ ವಾದ ನಡೆಯಿತು. ನಾನು ಓದಿ ಸಂತೋಷಪಟ್ಟು, ‘ಎಲ್ಲಿಗೆ ಹೋಗುತ್ತದೆ? ಬೇಕಾದಾಗ ಹುಡುಕಿಕೊಂಡರಾಯಿತು’ ಎಂದು ಸುಮ್ಮನಾದೆ. ಒಂದು ಪದವನ್ನೂ ಬರೆದಿಟ್ಟುಕೊಳ್ಳಲಿಲ್ಲ.

ಬೇಕಾದದ್ದು ಮೊನ್ನೆ. ಆ ಸಂಜೆ ಹುಡುಕಲು ಕುಳಿತೆ. ಕೂಟಕ್ಕೆ ಸ್ಥಳ ಕೊಟ್ಟಿದ್ದುದು ಒಂದು ಚಿಕ್ಕ ಕಂಪನಿ. ಮುಂದೆ ನಾನು ಹೆಸರಿಸುವ ದೊಡ್ಡ ಸಂಸ್ಥೆಗಳಲ್ಲಿ ಅದು ಸೇರಿಲ್ಲ. ಅದು ತನ್ನ ಪುಟಗಳ ರೂಪವನ್ನು ಎರಡು ಸಲ ಬದಲಿಸಿತ್ತು. ಮೊದಲನೆಯ ಸಲ ಪತ್ರಗಳು ಉಳಿದುವು, ಹುಡುಕುವ ಸೌಕರ್ಯ ಕೆಟ್ಟಿತು. ಕೇಳಿದ ಪದವೊಂದು, ತೋರಿಸುವ ಪತ್ರ ಮತ್ತೊಂದು. ಎರಡನೆಯ ಸಲ ಪತ್ರಗಳೇ ಇಲ್ಲವಾದುವು. ಹಳೆಯ ವಿಳಾಸ ಒತ್ತಿದರೆ ‘ಈ ಪುಟ ಇಲ್ಲ’ ಎಂಬ ಉತ್ತರ ಬಂತು. ಮೇಷ್ಟರು ತೀರಿಕೊಂಡು ಬಹಳ ವರ್ಷಗಳಾದುವು. ಅವರು ಬರೆದ ಪದಗಳಲ್ಲಿ ಎರಡೋ ಮೂರೋ ನನಗೆ ನೆನಪಿವೆ ಎಂದು ತೋರುತ್ತದೆ. ಆದರೆ ಅವನ್ನು ಇಲ್ಲಿ ಬರೆಯಲಾರೆ. ತಪ್ಪಾಗಿ ನೆನಪಿದ್ದರೆ, ಅಚ್ಚಾದ ತಪ್ಪು ನಿಜಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ಸಂಕಟ ಹೇಳಿಕೊಂಡಾಗ ನನ್ನ ಮಿತ್ರರು, “ಮೇಷ್ಟ್ರೇ, ಅದು ಕಟ್ಟೆಯ ಹರಟೆ. ಹರಟೆಗೂ ಕಡತ ಇಡುವುದುಂಟೆ?” ಎಂದು ನಕ್ಕರು. ಹರಟೆಗೆ ಕಡತ ಇಟ್ಟವರೂ ಉಂಟು, ಇಟ್ಟದ್ದನ್ನು ಕಳೆದವರೂ ಉಂಟು. ಆ ಚರಿತ್ರೆ ನಲವತ್ತೈದು ವರ್ಷಗಳಷ್ಟು ಹಳೆಯದು. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳಿದ್ದರು. ದೂರದೂರದ ಕಂಪ್ಯೂಟರುಗಳು ದೂರವಾಣಿಯ ತಂತಿಯ ಮೂಲಕ ಒಂದಕ್ಕೊಂದು ಸಂದೇಶ ದಾಟಿಸುವಂತೆ ಮಾಡಿದರೆ, ಎಲ್ಲೆಲ್ಲೋ ಇರುವವರು ಒಂದೇ ವಿಷಯವನ್ನು ಕುರಿತು ಮಾತಾಡಬಹುದಲ್ಲವೆ ಎಂದು ಅವರು ಯೋಚಿಸಿದರು. ನೆರೆಯ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅದಕ್ಕೆ ಮೊದಲ ಕ್ರಮವಿಧಿಯನ್ನು ಬರೆದರು. 1980ರ ಹೊತ್ತಿಗೆ ಅದು ಇತರರಿಗೂ ತೆರೆಯಿತು. ಇದೇ ‘ಯೂಸ್‌ನೆಟ್’. ಇದಕ್ಕೆ ಒಡೆಯನಿಲ್ಲ, ಕೇಂದ್ರ ಕಚೇರಿಯಿಲ್ಲ. ಒಂದು ಊರಿನ ಕಂಪ್ಯೂಟರು ತನಗೆ ಬಂದುದನ್ನು ಮುಂದಿನ ಊರಿಗೆ ಕೊಡುತ್ತ ಹೋಗುತ್ತದೆ. ವಿಷಯಕ್ಕೊಂದು ಗುಂಪು, ಗುಂಪಿಗೊಂದು ಹೆಸರು.

ಆ ಕಾಲದಲ್ಲಿ ಕಂಪ್ಯೂಟರಿನ ಡಿಸ್ಕು ಬಹು ದುಬಾರಿ. ಆದುದರಿಂದ ಬಂದ ಸಂದೇಶಗಳನ್ನು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇರಿಸಿ, ಹೊಸವಕ್ಕೆ ಎಡೆ ಮಾಡಲು ಅಳಿಸಿಬಿಡುತ್ತಿದ್ದರು. ಬರೆದವರಿಗೂ ಅದು ಗೊತ್ತಿತ್ತು. ಅದು ನಿಜವಾಗಿ ಕಟ್ಟೆಯ ಮಾತೇ.

ಆದರೆ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ ಎಂಬವರು, ಇತರರು ಅಳಿಸುತ್ತಿದ್ದುದನ್ನು ಅಯಸ್ಕಾಂತ ಟೇಪುಗಳಿಗೆ ನಕಲು ಮಾಡಿ ಇಡತೊಡಗಿದರು. 1981ರಿಂದ 1991ರವರೆಗೆ ಹತ್ತು ವರ್ಷ ಹೀಗೆ ಇಟ್ಟರು. ಟೇಪುಗಳು 141, ಅವುಗಳಲ್ಲಿ ಸಂದೇಶಗಳು ಸುಮಾರು ಇಪ್ಪತ್ತು ಲಕ್ಷ. ಮುಂದೆ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಡೇವಿಡ್ ವೈಸ್‌ಮನ್ ಅವನ್ನು ತಮ್ಮಲ್ಲಿಗೆ ಸಾಗಿಸಿಕೊಂಡು ಹೋಗಿ, ಹಳೆಯ ಟೇಪುಗಳಿಂದ ಒಂದೊಂದಾಗಿ ಬಿಡಿಸಿ ತೆಗೆಯುವ ಕೆಲಸಕ್ಕೆ ಕೈಹಾಕಿದರು. ಪ್ರಾಣಿಶಾಸ್ತ್ರ ವಿಭಾಗಕ್ಕೂ ಊರ ಹರಟೆಗೂ ಏನು ಸಂಬಂಧ? ಮೂಲೆಮನೆಯ ಅಟ್ಟದಲ್ಲಿ ತಾಳೆಯ ಓಲೆಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ ನಮ್ಮ ಹಿರಿಯರನ್ನು ಕೇಳಿದ್ದರೂ ಇಂಥದೇ ಸಂದೇಹ ಬರುತ್ತಿತ್ತು.

1995ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ‘ಡೆಜಾ ನ್ಯೂಸ್’ ಎಂಬ ಸಂಸ್ಥೆ ಹುಟ್ಟಿತು. ಅದು ಯೂಸ್‌ನೆಟ್ಟಿನ ಸಂದೇಶಗಳನ್ನು ಕೂಡಿಸಿಟ್ಟಿತು. ಅಷ್ಟೇ ಅಲ್ಲ, ಯಾವ ಪದವನ್ನು ಕೊಟ್ಟರೂ ಅದಿರುವ ಸಂದೇಶಗಳನ್ನು ಹೆಕ್ಕಿ ಕೊಡುವ ವ್ಯವಸ್ಥೆ ಮಾಡಿತು. ಅಂದಿನಿಂದ ಹರಟೆ ಆಕರವಾಯಿತು. ಒಬ್ಬರು ಕೇಳಿದ ಪ್ರಶ್ನೆಗೆ ಎಂದೋ ಯಾರೋ ಕೊಟ್ಟ ಉತ್ತರ, ಕಾಣದ ಸಾವಿರ ಜನರಿಗೆ ಒದಗಿತು. ಆದರೆ ಸಂಸ್ಥೆಗೆ ಇದರಿಂದ ಸಾಕಷ್ಟು ಹಣ ಹುಟ್ಟಲಿಲ್ಲ. 1999ರಲ್ಲಿ ಅದು ಹೆಸರನ್ನು ಬದಲಿಸಿ, ಸರಕುಗಳ ಗುಣಾವಗುಣಗಳನ್ನು ಹೋಲಿಸಿ ತೋರಿಸುವ ಅಂಗಡಿಯ ರೂಪ ತಾಳಿತು. 2000ದಲ್ಲಿ ಹಳೆಯ ಸಂದೇಶಗಳು ಓದುಗರ ಕಣ್ಣಿಂದ ಮರೆಯಾದುವು. ಓದುಗರು ಗೋಳಿಟ್ಟರು.

2001ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ಆ ಭಂಡಾರವನ್ನು ಕೊಂಡಿತು. ಸ್ಪೆನ್ಸರರ ಟೇಪುಗಳಿಂದ ಬಿಡಿಸಿದುದೂ, ಇನ್ನು ಕೆಲವರು ಇಟ್ಟುಕೊಂಡಿದ್ದುದೂ ಅದಕ್ಕೆ ಸೇರಿದುವು. ಅದೇ ವರ್ಷದ ಡಿಸೆಂಬರಿನಲ್ಲಿ ಇಪ್ಪತ್ತು ವರ್ಷಗಳ ಎಪ್ಪತ್ತು ಕೋಟಿ ಸಂದೇಶಗಳು ಹುಡುಕಲು ಸಿದ್ಧವಾದುವು. ಟಿಮ್ ಬರ್ನರ್ಸ್-ಲೀ ಅವರು ತಮ್ಮ ‘ವರ್ಲ್ಡ್ ವೈಡ್ ವೆಬ್’ ವಿಷಯವನ್ನು 1991ರ ಆಗಸ್ಟಿನಲ್ಲಿ ಗುಂಪೊಂದಕ್ಕೆ ತಿಳಿಸಿದ ಪತ್ರ ಅಲ್ಲಿತ್ತು. ಅದೇ ತಿಂಗಳು ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ, ಮುಂದೆ ‘ಲಿನಕ್ಸ್’ ಎನಿಸಿದ ತನ್ನ ಕೆಲಸವನ್ನು ಬರಿಯ ಹವ್ಯಾಸವೆಂದು ಹೇಳಿ ಬರೆದ ಪತ್ರವೂ ಅಲ್ಲಿತ್ತು. ಬರೆದ ದಿನ ಅವೂ ಹರಟೆಯೇ. ಯಾವ ಹರಟೆ ಮುಂದೆ ಚರಿತ್ರೆಯಾದೀತೆಂದು ಆ ದಿನ ಹೇಳಬಲ್ಲವರು ಯಾರು? ಆದುದರಿಂದಲೇ ಆರಿಸದೆ ಎಲ್ಲವನ್ನೂ ಇಟ್ಟ ಸ್ಪೆನ್ಸರರು ದೊಡ್ಡವರು. ಆದರೂ 1981ರ ಮೇ ತಿಂಗಳಿಗೆ ಹಿಂದಿನ ಮಾತು ಆ ಭಂಡಾರದಲ್ಲಿ ಇರಲಿಲ್ಲ. ಹುಟ್ಟಿದ ಮಗುವಿನ ಮೊದಲ ತೊದಲನ್ನು ಯಾರೂ ಬರೆದಿಡಲಿಲ್ಲ.

ಕಥೆ ಇಲ್ಲಿಗೆ ಸುಖಾಂತವಾಗಬಹುದಿತ್ತು, ಆಗಲಿಲ್ಲ. ಭಂಡಾರದ ಮುಖಗಳು ಮತ್ತೆ ಮತ್ತೆ ಬದಲಾದುವು. ಎಂಟೇ ವರ್ಷಗಳಲ್ಲಿ, 2009ರಲ್ಲಿ, ಅಮೆರಿಕದ ‘ವೈರ್ಡ್’ ಪತ್ರಿಕೆ ಇದನ್ನು ಕೈಬಿಟ್ಟ ಪುಸ್ತಕಭಂಡಾರವೆಂದು ಕರೆದು, ಅಲ್ಲಿ ಹುಡುಕುವ ಸೌಕರ್ಯ ಕೆಟ್ಟಿರುವುದನ್ನು ಎತ್ತಿ ತೋರಿಸಿತು. ಹುಡುಕುವುದಕ್ಕೇ ಹೆಸರಾದ ಸಂಸ್ಥೆಯಲ್ಲಿ ಹುಡುಕಲಾಗದ ಕೋಣೆ! 2024ರ ಫೆಬ್ರವರಿ 22ರಿಂದ ಯೂಸ್‌ನೆಟ್ಟಿನ ಹೊಸ ಸಂದೇಶಗಳನ್ನು ಅಲ್ಲಿ ಬರೆಯುವುದೂ ನಿಂತಿತು. ಹಳೆಯವನ್ನು ನೋಡಲು ಅಡ್ಡಿಯಿಲ್ಲವೆಂದು ಸಂಸ್ಥೆ ಹೇಳಿತು.

ಇದಕ್ಕಿಂತ ಕಠಿಣವಾದುದು ಯಾಹೂ ಗುಂಪುಗಳ ಕಥೆ. 2001ರಲ್ಲಿ ಮೊದಲಾದ ಈ ಗುಂಪುಗಳಲ್ಲಿ ರೋಗಿಗಳು, ವಂಶವೃಕ್ಷ ಹುಡುಕುವವರು, ಹಳೆಯ ಯಂತ್ರ ರಿಪೇರಿ ಮಾಡುವವರು, ಎಲ್ಲರೂ ಇದ್ದರು. 2013ರಲ್ಲಿ ಸಂಸ್ಥೆ ಅವುಗಳಿಗೆ ಹೊಸ ರೂಪ ಕೊಟ್ಟಾಗ ಸದಸ್ಯರು ದೊಡ್ಡ ಸಂಖ್ಯೆಯಲ್ಲಿ ದೂರಿದರು, ಹಳೆಯದನ್ನು ಮರಳಿ ಕೊಡಿರೆಂದು ಬೇಡಿದರು; ಫಲವಾಗಲಿಲ್ಲ. 2019ರ ಅಕ್ಟೋಬರಿನಲ್ಲಿ ಬಂದ ಪ್ರಕಟಣೆ, ಗುಂಪುಗಳಲ್ಲಿ ಕೂಡಿಟ್ಟುದನ್ನು ಡಿಸೆಂಬರ್ 14ಕ್ಕೆ ಅಳಿಸಲಾಗುವುದೆಂದು ತಿಳಿಸಿತು. ಎರಡು ತಿಂಗಳ ಅವಧಿ. ಸ್ವಯಂಸೇವಕರು ಹಗಲಿರುಳು ನಕಲು ಮಾಡತೊಡಗಿದರು. ಗಡುವು 2020ರ ಜನವರಿ 31ರವರೆಗೆ ಬೆಳೆಯಿತು. ಆ ವರ್ಷದ ಡಿಸೆಂಬರ್ 15ಕ್ಕೆ ಗುಂಪುಗಳೇ ಮುಚ್ಚಿದುವು.

ಈ ಚರಿತ್ರೆಯಲ್ಲಿ ಕನ್ನಡಿಗರಿಗೂ ಒಂದು ಮೂಲೆಯುಂಟು. ಯೂಸ್‌ನೆಟ್ಟಿನಲ್ಲಿ ಕರ್ನಾಟಕದ ಹೆಸರಿನದೇ ಒಂದು ಗುಂಪಿತ್ತು. ಅಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ಇದರಿಂದ ಹುಡುಕುವವನ ಕಷ್ಟ ಇಮ್ಮಡಿಯಾಯಿತು. ಇಂಗ್ಲಿಷಿನ ಚಿಕ್ಕ ಎಲ್ ಬರೆದರೆ ‘ಲ’, ದೊಡ್ಡ ಎಲ್ ಬರೆದರೆ ‘ಳ’ ಎಂದು ಕೆಲವರ ಕ್ರಮ. ಯಂತ್ರವಾದರೋ ಹುಡುಕುವಾಗ ಚಿಕ್ಕದು ದೊಡ್ಡದೆಂಬ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಅದಕ್ಕೆ ‘ಬೆಲೆ’ಯೂ ‘ಬೆಳೆ’ಯೂ ಒಂದೇ. ದೀರ್ಘವನ್ನು ಕೆಲವರು ಎರಡು ಅಕ್ಷರದಿಂದ ಬರೆಯುವರು, ಕೆಲವರು ಬರೆಯದೆಯೇ ಬಿಡುವರು. ಮುಂದೆ ಕಂಪ್ಯೂಟರಿನಲ್ಲಿ ಕನ್ನಡ ಲಿಪಿ ಬಂದಾಗಲೂ, ಒಂದೊಂದು ತಂತ್ರಾಂಶದ್ದು ಒಂದೊಂದು ಸಂಕೇತ. ಆ ಅಕ್ಷರಮಾಲೆ ತಮ್ಮಲ್ಲಿ ಇಲ್ಲದವರಿಗೆ ಪತ್ರವೆಲ್ಲ ಗೀಚುಗೀಚಾಗಿ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಆದ ಯೂನಿಕೋಡ್ ಸಂಕೇತ ಬಳಕೆಯಲ್ಲಿ ನೆಲೆನಿಂತ ಮೇಲೆ ಈ ತೊಡಕು ಬಿಡಿಸಿತು. ಆದರೆ ಅದಕ್ಕೆ ಹಿಂದಿನ ಮಾತುಗಳು ಉಳಿದಿರುವಲ್ಲಿಯೂ ಅರ್ಧ ಕಳೆದಂತೆಯೇ.

ಕನ್ನಡ ಪಾಠ ಹೇಳುವವನಿಗೆ ಈ ದುಃಖ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯಕಾರರೆಂದು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯದ ಒಂದು ಗ್ರಂಥವೂ ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ವಾಗಲಿ ‘ಹರಿವಂಶ’ವಾಗಲಿ ಇಡಿಯಾಗಿ ಸಿಕ್ಕಿಲ್ಲ. ಆದರೂ ಅವನ ಕೆಲವು ಪದ್ಯಗಳನ್ನು ನಾವು ಓದಬಲ್ಲೆವು. ಬೇರೆಯವರು ಅವನ್ನು ತಮ್ಮ ಸಂಕಲನಗಳಲ್ಲಿ ಸೇರಿಸಿದ್ದರಿಂದ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ತನ್ನ ‘ಸೂಕ್ತಿಸುಧಾರ್ಣವ’ದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಸುಮ್ಮನೆ ರಾಶಿ ಹಾಕಲಿಲ್ಲ. ಸಮುದ್ರ, ಪರ್ವತ, ಚಂದ್ರೋದಯವೆಂಬಂತೆ ಹದಿನೆಂಟು ವರ್ಣನೆಗಳ ಕ್ರಮವನ್ನು ಹಿಡಿದು ಜೋಡಿಸಿದನು. ಚಂದ್ರೋದಯ ಬೇಕಾದವನು ಎಲ್ಲಿ ನೋಡಬೇಕೆಂದು ತಿಳಿಯುವಂತೆ ಮಾಡಿದನು. ಕೂಡಿಡುವುದು ಅರ್ಧ ಕೆಲಸ. ಹುಡುಕಿದವನಿಗೆ ಸಿಗುವಂತೆ ಇಡುವುದು ಉಳಿದರ್ಧ. ಓಲೆಗಳನ್ನು ಗೆದ್ದಲು ತಿಂದಿತೆಂದು ನಾವು ಹಳಿಯುತ್ತೇವೆ. ಎಪ್ಪತ್ತು ಕೋಟಿ ಪತ್ರಗಳನ್ನು ಭದ್ರವಾಗಿಟ್ಟು, ಅವುಗಳ ಅಕಾರಾದಿಯನ್ನು ಕೆಡಿಸಿದರೆ, ಆಗುವುದು ಗೆದ್ದಲು ತಿಂದಷ್ಟೇ ನಷ್ಟ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಕಟ್ಟೆಯಲ್ಲಿ ಆಡಿದ ಮಾತು ಕಡತಕ್ಕೆ ಹೋಗುವುದೆಂದು ತಿಳಿದಿದ್ದರೆ ಎಷ್ಟೋ ಜನ ಆಡುತ್ತಲೇ ಇರಲಿಲ್ಲ. ಯೌವನದ ಒರಟು ಮಾತು ಮುಪ್ಪಿನಲ್ಲಿ ಎದುರು ನಿಂತರೆ ಯಾರಿಗೆ ಸುಖ? ಡೆಜಾ ನ್ಯೂಸ್ ಕಾಲದಲ್ಲಿಯೇ, ತನ್ನ ಸಂದೇಶವನ್ನು ಭಂಡಾರಕ್ಕೆ ಸೇರಿಸಬಾರದೆಂದು ಬರೆಯುವವನು ಗುರುತು ಹಾಕುವ ಪದ್ಧತಿಯೊಂದು ಬಂತು. ಅದು ನ್ಯಾಯವಾದುದು. ಆದರೆ ಬರೆದವನು ಬೇಡವೆಂದು ಅಳಿಸುವುದು ಬೇರೆ. ಬರೆದವನು ಇರಲೆಂದು ಬಿಟ್ಟುದನ್ನು, ಲಾಭವಿಲ್ಲವೆಂದೋ ಪುಟ ಅಂದವಾಗಿಲ್ಲವೆಂದೋ ಮೂರನೆಯವನು ಇಲ್ಲವಾಗಿಸುವುದು ಬೇರೆ. ಕಂಪನಿಯನ್ನೇ ಬೈದು ಪ್ರಯೋಜನವೂ ಇಲ್ಲ. ಅಂಗಡಿಗೆ ಅಂಗಡಿಯ ಧರ್ಮ. ಬಾಡಿಗೆಯಿಲ್ಲದೆ ಬೇರೊಬ್ಬರ ಮನೆಯಲ್ಲಿ ತಿಜೋರಿ ಇಟ್ಟು, ಬೀಗದ ಕೈಯನ್ನೂ ಅವರಿಗೇ ಕೊಟ್ಟು ಮರೆತವರು ನಾವು.

ಕಡೆಗೆ ನಮ್ಮ ಕೂಟದ ಹಳೆಯ ಸದಸ್ಯರಲ್ಲಿ ವಿಳಾಸ ಸಿಕ್ಕ ಮೂವರಿಗೆ ಬರೆದು ಕೇಳಿದೆ. ಇಬ್ಬರಲ್ಲಿ ಏನೂ ಉಳಿದಿರಲಿಲ್ಲ. ಮೂರನೆಯವರು, ಮೇಷ್ಟರೊಡನೆ ತಿಂಗಳುಗಟ್ಟಲೆ ವಾದಿಸಿದವರೇ, ಪರದೇಶದಲ್ಲಿದ್ದಾರೆ. ತಮ್ಮ ಹಳೆಯ ಕಂಪ್ಯೂಟರನ್ನು ತಡಕಿ ಎರಡು ಪತ್ರಗಳನ್ನು ಕಳಿಸಿದರು. ‘ಜಗಳಕ್ಕೆ ಆಧಾರ ಬೇಕೆಂದು ಇಟ್ಟುಕೊಂಡಿದ್ದೆ’ ಎಂದು ಬರೆದಿದ್ದಾರೆ. ಐದರಲ್ಲಿ ಎರಡು. ಅವುಗಳಲ್ಲಿ ಹನ್ನೊಂದು ಪದಗಳಿವೆ. ನಾನು ನೆನಪಿನಲ್ಲಿದೆಯೆಂದು ನಂಬಿದ್ದ ಪದಗಳಲ್ಲಿ ಒಂದು ತಪ್ಪಾಗಿತ್ತು.

ಆ ಹನ್ನೊಂದನ್ನೂ ಒಂದು ನೋಟುಪುಸ್ತಕದಲ್ಲಿ ಕೈಯಾರೆ ಬರೆದು, ಯಾರು ಹೇಳಿದ್ದು, ಯಾವ ಸೀಮೆಯದು ಎಂಬುದನ್ನು ಸೇರಿಸಿ, ಕೊನೆಯ ಪುಟದಲ್ಲಿ ಅಕಾರಾದಿಯನ್ನು ಮಾಡಿದೆ. ಒಂದು ಪ್ರತಿ ನನ್ನಲ್ಲಿದೆ, ಒಂದನ್ನು ಕಾಲೇಜಿನ ಪುಸ್ತಕಾಲಯಕ್ಕೆ ಕೊಟ್ಟಿದ್ದೇನೆ. ಉಳಿದ ಮೂರು ಪತ್ರಗಳು ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ, ಪುಸ್ತಕದಲ್ಲಿ ಅವಕ್ಕಾಗಿ ಹಾಳೆಗಳನ್ನು ಖಾಲಿ ಬಿಟ್ಟಿದ್ದೇನೆ.